ಇವತ್ತಿನ ಅಣಿಮುತ್ತು

ಮಗಳ ಆಟದ ಪ್ಯಾಂಟಿಗೆ ಹೊಸ ಎಲಾಸ್ಟಿಕ್ ಪೋಣಿಸುತ್ತ ಅವಳು ಅಡುಗೆಮನೆಯ ಸ್ಟೂಲಿನ ಮೇಲೆ ಕೂತಿದ್ದಳು. ಎಲಾಸ್ಟಿಕ್ಕಿನ ತುದಿಗೆ ಸಿಕ್ಕಿಸಿದ ಪಿನ್ನನ್ನು ಬಟ್ಟೆಯ ಮೇಲಿಂದಲೇ ಎರಡು ಬೆರಳಲ್ಲಿ ಹಿಡಿದು ಒಂದಿಷ್ಟು ಮುಂದಕ್ಕೆ ನೂಕುವುದು, ಹಿಂದೆ ಉಳಿದ ಬಟ್ಟೆಯನ್ನು ಎಳೆದು ಸರಿಪಡಿಸುವುದು, ಮತ್ತೆ ನೂಕುವುದು. ಕಣ್ಣಿಗೆ ಕೆಲಸವಿಲ್ಲ, ಬೆರಳೇ ನೋಡಿಕೊಂಡು ಹೋಗುತ್ತದೆ. ಬೆಳಗಿನ ಗಡಿಬಿಡಿಯ ನಡುವೆ ಹೀಗೆ ಕೂತು ಮಾಡುವ ಒಂದೇ ಒಂದು ಕೆಲಸ ಸಿಕ್ಕಿದ್ದು ಅವಳಿಗೆ ಹಿತವಾಗಿತ್ತು. ಗಂಡ ಆಗಲೇ ಕೆಲಸಕ್ಕೆ ಹೋಗಿದ್ದ. ಬಚ್ಚಲುಮನೆಯಲ್ಲಿ ಮಗಳು ನೀರು ಸುರಿದುಕೊಳ್ಳುತ್ತಿದ್ದಳು. ಪಿನ್ನು ಪಕ್ಕದ ಹೊಲಿಗೆಯನ್ನು ದಾಟಿ ಹಿಂಭಾಗಕ್ಕೆ ಬಂದಿರುವಾಗ ಫೋನು ಹೊಡೆದುಕೊಂಡಿತು. ಮಗಳ ಕ್ಲಾಸ್ ಟೀಚರ್ ಆದ ಭಾಷಾ ಮೇಡಂ. ಇಬ್ಬರೂ ಒಂದೇ ಶಾಲೆಯಲ್ಲಿ, ಒಂದೇ ಸ್ಟಾಫ್ ರೂಮಿನಲ್ಲಿ ಎದುರುಬದುರು ಕೂರುವವರು. ಇನ್ನು ಒಂದು ಗಂಟೆಯಲ್ಲಿ ಮುಖ ನೋಡುವವರು ಈಗೇಕೆ ಫೋನು ಮಾಡುತ್ತಿದ್ದಾರೆ ಎಂದುಕೊಂಡು, ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಒತ್ತಿಕೊಂಡು, ಪಿನ್ನನ್ನು ಬಿಡದೆ ಹಿಡಿದುಕೊಂಡಳು.

"ಬೆಳಿಗ್ಗೆ ಬೆಳಿಗ್ಗೆ ತೊಂದರೆ ಕೊಡ್ತಿದೀನಿ ಮೇಡಂ. ಎಲ್ಲರ ಎದುರಿಗೆ ಹೇಳೋದು ಬೇಡ ಅನ್ನಿಸ್ತು. ನಿಮ್ಮ ಮಗಳು ಮನೇಲಿ ಏನಾದ್ರೂ ಹೇಳಿದ್ಲಾ?"

"ಯಾವುದರ ಬಗ್ಗೆ ಮೇಡಂ?"

"ನಿನ್ನೆ ಕೊನೇ ಪಿರಿಯಡ್ಡಲ್ಲಿ ಮುಂದಿನ ವರ್ಷದ ವಿಭಾಗ ಕೇಳಿದೆ. ವಿಜ್ಞಾನಕ್ಕೆ ಯಾರ್ಯಾರು ಹೋಗ್ತೀರಿ, ಕೈ ಎತ್ತಿ ಅಂದೆ. ಅವಳು ಎತ್ತಲಿಲ್ಲ. ಎಲ್ಲೋ ನೋಡ್ಕೊಂಡು ಕೂತಿರಬೇಕು ಅಂತ ಇನ್ನೊಂದ್ಸಲ ಕೇಳಿದೆ. ನನ್ನನ್ನೇ ನೋಡ್ತಿದ್ಲು ಮೇಡಂ. ಆಮೇಲೆ ವಾಣಿಜ್ಯ ಅಂದಾಗ ಎತ್ತಿದ್ಲು."

"ತಮಾಷೆ ಮಾಡಿರಬೇಕು ಮೇಡಂ."

"ತಮಾಷೆ ಮಾಡೋ ಹುಡುಗಿನಾ ಮೇಡಂ ಅದು? ಕ್ಲಾಸಲ್ಲಿ ಬಾಯಿ ಬಿಟ್ಟಿದ್ದನ್ನೇ ನಾನು ನೋಡಿಲ್ಲ."

ಯಾರ ಮಗಳ ಬಗ್ಗೆ ಹೇಳುತ್ತಿದ್ದಾರೆ ಇವರು ಎಂದು ಅವಳಿಗೆ ಒಂದು ಕ್ಷಣ ನಿಜವಾಗಿಯೂ ಅನುಮಾನವಾಯಿತು. ಮಾತು ಬಂದಾಗಿನಿಂದ ಬಾಯಿ ಮುಚ್ಚದಿದ್ದ ಹುಡುಗಿ. ಇರುವೆ ಮಲಗುತ್ತದಾ, ಬಿಸಿಲಿಗೆ ಯಾಕೆ ವಾಸನೆ ಇದೆ, ನನ್ನ ಕೆಂಪು ನಿನ್ನ ಕೆಂಪು ಒಂದೇನಾ ಎಂದು ಕೇಳಿ ಕೇಳಿ, ಸೋತ ತಾತ ಅವಳಿಗೆ ಯಾಕಮ್ಮ ಎಂದು ಹೆಸರಿಟ್ಟಿದ್ದರು. ಯಾಕಮ್ಮ ಊಟಕ್ಕೆ ಬಾ, ಯಾಕಮ್ಮ ಚಪ್ಪಲಿ ಹಾಕ್ಕೋ. ಆ ಹೆಸರು ಹಿಡಿದು ಮಗಳನ್ನು ಕೂಗಿ ಎಷ್ಟು ದಿನವಾಯಿತು? ಕೂಗುವುದು ಯಾವಾಗ ನಿಂತಿತು? ಭಾಷಾ ಮೇಡಂ ಇನ್ನೂ ಏನೋ ಹೇಳುತ್ತಿದ್ದರು. ಇನ್ನೂ ಟೈಮಿದೆ, ಬದಲಾಯಿಸಬಹುದು, ನೀವೇ ವಿಜ್ಞಾನ ಮೇಡಂ ಆಗಿ ನಿಮ್ಮ ಮಗಳೇ ಹೀಗೆ ಅಂದ್ರೆ ಬೇರೆ ಮಕ್ಕಳು ಏನಂದುಕೊಳ್ತಾರೆ. ಅಷ್ಟರಲ್ಲಿ ಅವಳ ಬೆರಳ ಕೆಳಗೆ ಏನೋ ಸಡಿಲವಾಗಿ, ಚುರುಕ್ಕೆಂದಿತು. ಬಟ್ಟೆಯೊಳಗೇ ಪಿನ್ನು ಬಾಯಿ ಬಿಟ್ಟಿತ್ತು. ಹಿಂದಕ್ಕೆ ಎಳೆದರೆ ಬಟ್ಟೆಗೆ ಕಚ್ಚಿಕೊಳ್ಳುತ್ತದೆ, ಮುಂದಕ್ಕೆ ನೂಕಿದರೆ ಬೆರಳಿಗೆ ಚುಚ್ಚುತ್ತದೆ. ಫೋನಿಟ್ಟು, ಪಿನ್ನನ್ನು ಹಾಗೇ ಹಿಡಿದುಕೊಂಡು ಕೂತಳು.

"ಯಾರಮ್ಮಾ ಫೋನು?" ತಲೆಗೆ ಟವೆಲ್ಲು ಸುತ್ತಿಕೊಂಡು ಮಗಳು ಬಾಗಿಲಲ್ಲಿ ನಿಂತಿದ್ದಳು.

"ಯಾರೋ. ರಾಂಗ್ ನಂಬರ್."

ಮಗಳು ಸ್ಟೂಲಿನ ಪಕ್ಕದಲ್ಲಿದ್ದ ಫೋನನ್ನು ನೋಡಿದಳು, ಅಮ್ಮನ ಮುಖ ನೋಡಿದಳು, "ಹೂಂ" ಎಂದು ಹೊರಟುಹೋದಳು. ರಾಂಗ್ ನಂಬರಿನವರ ಜೊತೆ ಇಷ್ಟು ಹೊತ್ತು ಏನು ಮಾತಾಡಿದೆ ಎಂದು ಕೇಳಲಿಲ್ಲ. ಹೋದ ವರ್ಷದ ಮಗಳಾಗಿದ್ದರೆ ಬಿಡುತ್ತಿದ್ದಳೇ? ತಾನು ಹೇಳಿದ ಸುಳ್ಳಿಗಿಂತ, ಆ ಸುಳ್ಳನ್ನು ಮಗಳು ಎತ್ತಿಕೊಂಡು ಜೇಬಿಗೆ ಹಾಕಿಕೊಂಡಂತೆ ನಡೆದುಹೋದದ್ದು ಅವಳಿಗೆ ಹೆಚ್ಚು ಭಯ ಹುಟ್ಟಿಸಿತು. ಹುಡುಗಿಗೆ ಈಗ ಹದಿನೈದು. ಈ ವಯಸ್ಸಿನಲ್ಲಿ ಮಕ್ಕಳು ಹೀಗೇ ಮುಚ್ಚಿಕೊಳ್ಳುತ್ತಾರೆ, ಅಷ್ಟು ಅರ್ಥವಾಗದಿದ್ದರೆ ಇಷ್ಟು ವರ್ಷ ಪಾಠ ಮಾಡಿ ಏನು ಬಂತು ಎಂದು ತಾನೇ ಬೇರೆ ತಾಯಂದಿರಿಗೆ ಹೇಳಿದ್ದು ನೆನಪಾಯಿತು. ಎಷ್ಟು ಸಲೀಸಾಗಿ ಹೇಳಿದ್ದೆ. ಅವರು ತಲೆಯಾಡಿಸಿ ಹೋಗಿದ್ದರು.

ಶಾಲೆಗೆ ಇಬ್ಬರೂ ನಡೆದೇ ಹೋಗುತ್ತಾರೆ. ಕೇಳಬೇಕು, ಈ ಅಂಗಡಿ ದಾಟಿದ ಮೇಲೆ ಕೇಳಬೇಕು, ರಸ್ತೆ ದಾಟಿದ ಮೇಲೆ ಕೇಳಬೇಕು ಎಂದುಕೊಳ್ಳುತ್ತಲೇ ಗೇಟು ಬಂತು. ಗೇಟಿನೊಳಗೆ ಅವಳು ಅಮ್ಮನಲ್ಲ, ಮೇಡಂ. ಅದು ಮಗಳು ಈ ಶಾಲೆಗೆ ಸೇರಿದ ದಿನವೇ ಇಬ್ಬರೂ ಮಾಡಿಕೊಂಡ ಒಪ್ಪಂದ. ತಮ್ಮ ಮಕ್ಕಳಿಗೆ ತಾವೇ ಪಾಠ ಮಾಡುವಂತಿಲ್ಲ ಎಂಬುದು ಶಾಲೆಯ ಕಟ್ಟಳೆ. ಆದ್ದರಿಂದ ಮಗಳ ಸೆಕ್ಷನ್ನಿಗೆ ವಿಜ್ಞಾನ ತೆಗೆದುಕೊಳ್ಳುವವರು ಇನ್ನೊಬ್ಬ ಮೇಷ್ಟ್ರು. ಪ್ರಯೋಗಾಲಯದ ಬೀಕರಿನಲ್ಲೇ ಚಹಾ ಕುಡಿಯುವ ಅವರನ್ನು ಮಕ್ಕಳೂ ಮೇಷ್ಟ್ರುಗಳೂ ಬೀಕರ್ ಸರ್ ಎಂದೇ ಕರೆಯುವುದು. ಅವಳಿಗೂ ಮಕ್ಕಳು ಇಟ್ಟ ಹೆಸರಿದೆ: ಬೆಣ್ಣೆ ಮೇಡಂ. ಕೇಳಿಸದಂತೆ ಇರುತ್ತಾಳೆ, ಆದರೆ ಒಳಗೊಳಗೇ ಇಷ್ಟ. ಅವಳ ಕ್ಲಾಸಿನಲ್ಲಿ ಇವತ್ತಿನವರೆಗೂ ಒಂದು ಮಗುವಿನ ಪ್ರಶ್ನೆಗೆ ಇನ್ನೊಂದು ಮಗು ನಕ್ಕಿಲ್ಲ; ನಗಲು ಅವಳು ಬಿಟ್ಟಿಲ್ಲ. ಅದೊಂದೇ ತನ್ನ ಕಸುಬಿನಲ್ಲಿ ತಾನು ಸಂಪಾದಿಸಿದ್ದು ಎಂದು ಒಮ್ಮೊಮ್ಮೆ ಪಾತ್ರೆ ತೊಳೆಯುವಾಗ ಅಂದುಕೊಂಡಿದ್ದಾಳೆ.

ಮೊದಲ ಪಿರಿಯಡ್ಡು ಆಮ್ಲ ಮತ್ತು ಪ್ರತ್ಯಾಮ್ಲ. ಲಿಟ್ಮಸ್ ಕಾಗದ ನಿಂಬೆರಸಕ್ಕೆ ತಾಗಿದಾಗ ಹಿಂದಿನ ಬೆಂಚಿನವರು ಎದ್ದು ನಿಂತರು. ಏನಾಯ್ತು ಎಂದು ಕೇಳಿದರೆ ಇಡೀ ಕ್ಲಾಸು ಕೈ ಎತ್ತಿತು. ಕೈಗಳು. ಮಸಿ ಹತ್ತಿದ ಬೆರಳು, ಉಗುರು ಕಚ್ಚಿದ ಬೆರಳು, ಮೊಣಕೈಯಿಂದ ಮಾತ್ರ ಎತ್ತಿ ಬೇಕಾದರೆ ತಲೆ ಕೆರೆದುಕೊಂಡೆ ಅನ್ನಬಹುದಾದ ಅರ್ಧ ಕೈ, ಬಗಲಲ್ಲಿ ಹೊಲಿಗೆ ಬಿಟ್ಟ ಅಂಗಿಯಿಂದ ಎದ್ದ ಪೂರ್ತಿ ಕೈ. ಇಷ್ಟು ವರ್ಷ ಯಾವ ಕೈ ಎದ್ದಿದೆ ಎಂದಷ್ಟೇ ನೋಡುತ್ತಿದ್ದವಳು ಇವತ್ತು ಏಳದ ಕೈಯನ್ನು ಹುಡುಕಿದಳು. ಕಿಟಕಿ ಪಕ್ಕದ ಒಬ್ಬ ಹುಡುಗಿ ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟು ಅವುಗಳ ಮೇಲೆಯೇ ಕೂತಿದ್ದಳು. ಎಷ್ಟು ದಿನದಿಂದ ಹೀಗೆ ಕೂರುತ್ತಿದೆ ಈ ಮಗು? ತನ್ನ ಮಗಳೂ ನಿನ್ನೆ ಹೀಗೆಯೇ ಕೂತಿದ್ದಳೇ? "ಮೇಡಂ, ಕೆಂಪಾಯ್ತು ಮೇಡಂ," ಎಂದು ಮುಂದಿನ ಹುಡುಗ ಕೂಗಿದ. ಕೆಂಪಾಗಿತ್ತು.

ಚಹಾದ ಬಿಡುವಿನಲ್ಲಿ ಸ್ಟಾಫ್ ರೂಮಿಗೆ ಹೋದಾಗ ಬೀಕರ್ ಸರ್ ಒಬ್ಬರೇ ಇದ್ದರು. ಭಾಷಾ ಮೇಡಂ ಬೇಕೆಂದೇ ಹೊರಗೆ ಹೋಗಿರಬೇಕು. ಇನ್ನೊಂದೈದು ನಿಮಿಷಕ್ಕೆ ಉಳಿದವರೂ ಬಂದು ಅಣಿಮುತ್ತು ಶುರುವಾಗುತ್ತದೆ. ಇದು ಈ ಸ್ಟಾಫ್ ರೂಮಿನ ಹಳೆಯ ಅಭ್ಯಾಸ: ಆ ದಿನ ಮಕ್ಕಳು ಕೇಳಿದ ಅತ್ಯಂತ ಪೆದ್ದು ಪ್ರಶ್ನೆಯನ್ನು ಒಬ್ಬೊಬ್ಬರೂ ಹೇಳಬೇಕು, ಎಲ್ಲರೂ ಸೇರಿ ಇವತ್ತಿನ ಅಣಿಮುತ್ತು ಯಾವುದು ಎಂದು ತೀರ್ಮಾನ ಮಾಡಬೇಕು, ಗೆದ್ದವರ ಚಹಾ ಉಳಿದವರ ಲೆಕ್ಕಕ್ಕೆ. ಚರಿತ್ರೆಯ ಮೇಷ್ಟ್ರು ಸುಳ್ಳು ಸುಳ್ಳೇ ಪ್ರಶ್ನೆ ಹುಟ್ಟಿಸಿಕೊಂಡು ಬಂದು ಸಿಕ್ಕಿಬೀಳುತ್ತಿದ್ದರು. ಅವಳು ಈ ಶಾಲೆಗೆ ಬಂದ ಹೊಸತರಲ್ಲಿ, ಪಾಪ ಮಕ್ಕಳು, ಹೀಗೆ ಆಡಿಕೊಳ್ಳುವುದು ಸರಿಯಲ್ಲ ಎನ್ನಿಸಿ, ಒಂದು ನಿಯಮ ತಂದಿದ್ದಳು: ಪ್ರಶ್ನೆ ಹೇಳಿ, ಕೇಳಿದ ಮಗುವಿನ ಹೆಸರು ಹೇಳಬೇಡಿ. ಹೆಸರಿಲ್ಲದಿದ್ದರೆ ಯಾರಿಗೂ ನೋವಿಲ್ಲವಲ್ಲ. ಎಲ್ಲರೂ ಒಪ್ಪಿದ್ದರು. ಬೆಣ್ಣೆ ಮೇಡಂ ಅಲ್ಲವೇ, ಬೆಣ್ಣೆಯಂಥ ನಿಯಮ ಎಂದು ಬೀಕರ್ ಸರ್ ನಕ್ಕಿದ್ದರು.

"ಸರ್, ನನ್ನ ಮಗಳು ನಿಮ್ಮ ಕ್ಲಾಸಲ್ಲಿ ಹೇಗಿದ್ದಾಳೆ?"

"ಚಿನ್ನದಂಥ ಹುಡುಗಿ ಮೇಡಂ." ಅವರು ಬೀಕರನ್ನು ಎರಡೂ ಕೈಯಲ್ಲಿ ಹಿಡಿದು ಊದಿದರು. "ಪರೀಕ್ಷೇಲಿ ಒಂದು ಮಾರ್ಕ್ಸ್ ಬಿಡಲ್ಲ. ಆದರೆ ಮೊದಲಿನ ಹಾಗಿಲ್ಲ. ಹೋದ ವರ್ಷ ಪ್ರಶ್ನೆ ಕೇಳಿ ಕೇಳಿ ನನ್ನ ಜೀವ ತಿಂದುಬಿಡ್ತಿದ್ಲು. ಈಗ ಗಂಭೀರವಾಗಿಬಿಟ್ಟಿದ್ದಾಳೆ. ದೊಡ್ಡವಳಾದ್ಲು ನೋಡಿ."

"ಏನು ಕೇಳ್ತಿದ್ಲು?"

"ಏನು ಬೇಕಾದ್ರೂ. ನೆನಪಿಲ್ವಾ? ಆ ವಿಸಿಲ್ಲಿನ ಪ್ರಶ್ನೆ ಅವಳದೇ ಅಲ್ವಾ!"

ಅವಳಿಗೆ ಅರ್ಥವಾಗಲಿಲ್ಲ. ಅರ್ಥವಾಗಲಿಲ್ಲ ಎಂದೇ ಮುಖ ಮಾಡಿಕೊಂಡು ನಿಂತಿದ್ದಳು, ಆದರೆ ಕೈ ಆಗಲೇ ಕುರ್ಚಿಯ ಬೆನ್ನನ್ನು ಹುಡುಕುತ್ತಿತ್ತು.

"ಯಾವ ವಿಸಿಲ್ಲು?"

"ಅಯ್ಯೋ ಮೇಡಂ, ಹೃದಯದ ಪಾಠ. ಮಿದುಳು ಬೆಳೆಯೋಕೆ ಮುಂಚೇನೇ ಹೃದಯ ಬಡಿಯುತ್ತಲ್ಲ ಸರ್, ಹಾಗಾದ್ರೆ ಮೊದಲನೇ ಸಲ ಬಡಿ ಅಂತ ಅದಕ್ಕೆ ಹೇಳೋದ್ಯಾರು ಅಂತ ಕೇಳಿದ್ಲಲ್ಲ. ನೀವು ತಾನೇ ಪಿ.ಟಿ. ಮೇಷ್ಟ್ರು ವಿಸಿಲ್ ಊದ್ತಾರೆ ಅಂದಿದ್ದು! ಮಾರನೇ ದಿನ ಹೋಗಿ ಕ್ಲಾಸಲ್ಲಿ ಹೇಳಿದೆ, ಏನಮ್ಮಾ, ನಿನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು ಅಂತ. ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು." ಅವರ ನಗು ಅರ್ಧಕ್ಕೆ ನಿಂತಿತು. "ನಿಮಗೆ ಗೊತ್ತಿರಲಿಲ್ವಾ? ನಾನು ಹೆಸರು ಹೇಳಲಿಲ್ಲ, ನಿಯಮ ಇದೆಯಲ್ಲ. ಆದರೆ ನಿಮ್ಮ ಮಗಳೇ ಮನೇಲಿ ಹೇಳಿರ್ತಾಳೆ, ಗೊತ್ತಿದ್ದೇ ನಗಾಡ್ತಿದ್ದೀರಿ ಅಂತ ಅಂದ್ಕೊಂಡಿದ್ದೆ."

ಹೊರಗೆ ಮೈದಾನದಲ್ಲಿ ಪಿ.ಟಿ. ಮೇಷ್ಟ್ರ ವಿಸಿಲ್ಲು ಊದಿತು, ಮಕ್ಕಳ ಕಾಲುಗಳು ಒಟ್ಟಿಗೆ ನೆಲಕ್ಕೆ ಬಡಿದವು. ಒಂದು, ಎರಡು, ಒಂದು, ಎರಡು. ಬೀಕರ್ ಸರ್ "ಕೂತ್ಕೊಳ್ಳಿ ಮೇಡಂ, ಬಿಪಿ ಗಿಪಿ ಏನಾದ್ರೂ?" ಎಂದು ತಮ್ಮ ಚಹಾವನ್ನೇ ಅವಳ ಮುಂದೆ ಹಿಡಿದರು. ಬೀಕರಿನ ಗಾಜಿನ ಮೇಲೆ ಅಳತೆಯ ಗೆರೆಗಳು ಸವೆದಿದ್ದವು. ಒಳ್ಳೆಯ ಮನುಷ್ಯ, ಇವರ ಮೇಲೆ ಸಿಟ್ಟು ಬಂದರೆ ಚೆನ್ನಾಗಿತ್ತು ಎಂದು ಅವಳಿಗೆ ಅನ್ನಿಸಿತು. ಸಿಟ್ಟು ಬರಲಿಲ್ಲ. ಇವರು ಕೇಳಿದ್ದನ್ನು ತಂದು ಹೇಳಿದರು, ಅಷ್ಟೆ. ಉತ್ತರ ಅವಳದು.

ಅವಳ ಜೋಕು. ಎಷ್ಟು ಚೆನ್ನಾಗಿ ನೆನಪಿದೆ. ಆಸ್ಪತ್ರೆಯಿಂದ ಬಂದು ಕೆಲಸಕ್ಕೆ ಹೋಗಲು ಶುರುಮಾಡಿ ಕೆಲವು ವಾರವಾಗಿತ್ತು. ಶಾಲೆಯಲ್ಲಿ ಯಾರಿಗೂ ಹೇಳಿರಲಿಲ್ಲ, ಜ್ವರ ಎಂದಿದ್ದಳು. ಬಸುರಿ ಎನ್ನುವುದನ್ನೇ ಇನ್ನೂ ಹೇಳಿರದವಳು ಬಸಿರು ನಿಲ್ಲಲಿಲ್ಲ ಎಂದು ಯಾವ ಬಾಯಿಂದ ಹೇಳುವುದು? ಈ ವಯಸ್ಸಿನಲ್ಲಿ, ಎದೆಯೆತ್ತರದ ಮಗಳನ್ನು ಇಟ್ಟುಕೊಂಡು. ಆ ಮಧ್ಯಾಹ್ನ ಎಲ್ಲರ ಜೊತೆ ಕೂತು ಚಹಾ ಕುಡಿಯುತ್ತಿದ್ದರೂ ಗಾಜಿನ ಆಚೆ ಕೂತ ಹಾಗಿದ್ದಳು. ಬೀಕರ್ ಸರ್ ಹೃದಯದ ಪ್ರಶ್ನೆ ಹೇಳಿದರು, ಆಹಾ ಎಂದು ಎಲ್ಲರೂ ಕಣ್ಣು ಮುಚ್ಚಿ ತಲೆದೂಗಿದರು, ಮತ್ತು ಅವಳ ಬಾಯಿಂದ, ಅವಳಿಗೇ ಗೊತ್ತಿಲ್ಲದೆ, ಆ ಮಾತು ಬಂತು. ಪಿ.ಟಿ. ಮೇಷ್ಟ್ರು. ವಿಸಿಲ್ ಊದಿ. ಚರಿತ್ರೆಯ ಮೇಷ್ಟ್ರು ಮೇಜು ಗುದ್ದಿದರು. ಭಾಷಾ ಮೇಡಂ ಕಣ್ಣೊರೆಸಿಕೊಂಡರು. ಗಾಜು ಕರಗಿಹೋಯಿತು. ತಾನೂ ನಗುತ್ತಿದ್ದೇನೆ ಎಂದು ಅವಳಿಗೆ ತಿಳಿದದ್ದು ಹೊಟ್ಟೆಯ ಕೆಳಭಾಗ ನೊಂದಾಗ. ಬದುಕಿದ್ದೇನೆ ಎನ್ನಿಸಿತು. ಹೃದಯ, ಮೊದಲನೇ ಬಡಿತ, ಎಂಬ ಮಾತುಗಳು ಕಿವಿಗೆ ಬಿದ್ದೂ ಅವಳಿಗೆ ಏನೂ ನೆನಪಾಗಲಿಲ್ಲ. ಹೇಗೆ ನೆನಪಾಗಲಿಲ್ಲ? ಹೊಟ್ಟೆಯ ಮೇಲೆ ತಣ್ಣನೆಯ ಅಂಟು ಸವರಿ ಯಂತ್ರವನ್ನು ಆಚೆ ಈಚೆ ಓಡಿಸುತ್ತ ಡಾಕ್ಟರಮ್ಮ ಮಾತು ನಿಲ್ಲಿಸಿದಾಗ, ಪರದೆಯ ಮೇಲಿನ ಬೂದು ಬಣ್ಣದೊಳಗೆ ಮಿಣುಕಬೇಕಾದದ್ದು ಮಿಣುಕುತ್ತಿಲ್ಲ ಎಂದು ಅವರಿಗಿಂತ ಮುಂಚೆ ಅರ್ಥ ಮಾಡಿಕೊಂಡವಳು ಅವಳು. ಅದೇ ಪಾಠವನ್ನು ಎಷ್ಟೋ ವರ್ಷದಿಂದ ಮಾಡುತ್ತಿದ್ದವಳು. ಅಂಥವಳು ನಕ್ಕಳು.

ನಕ್ಕಿದ್ದಷ್ಟೇ ಅಲ್ಲ, ಮನೆಗೂ ಹೊತ್ತುಕೊಂಡು ಹೋದಳು. ಮನೆಯಲ್ಲಿ ನಗು ಸತ್ತು ವಾರಗಳಾಗಿದ್ದವು. ಗಂಡ ಟಿವಿಯ ಸದ್ದನ್ನು ಕಡಿಮೆ ಮಾಡಿಟ್ಟುಕೊಂಡು, ಯಾರಿಗೋ ಹುಷಾರಿಲ್ಲದ ಮನೆಯಲ್ಲಿ ಓಡಾಡುವಂತೆ ಓಡಾಡುತ್ತಿದ್ದ. ಮರೆತುಬಿಡೋಣ, ಮಾತೆತ್ತುವುದು ಬೇಡ, ಮಗಳ ಎದುರಿಗಂತೂ ಬೇಡ ಎಂದು ಇಬ್ಬರೂ ಮಾತಾಡಿಕೊಂಡಿದ್ದರು. ಮಗಳಿಗೆ ಹೇಳಿದ್ದು ಇಷ್ಟೇ: ಪಾಪು ಬರಲ್ಲ ಪುಟ್ಟಾ. ಮಗಳು ಪಾಪುವಿಗಾಗಿ ತನ್ನ ಪುಸ್ತಕದ ಕಪಾಟಿನ ಕೆಳಗಿನ ಅರೆಯನ್ನು ಖಾಲಿ ಮಾಡಿಟ್ಟಿದ್ದಳು. ಕೆಲವು ದಿನ ಅದು ಹಾಗೇ ಖಾಲಿ ಇತ್ತು, ಆಮೇಲೆ ಒಂದು ದಿನ ನೋಡಿದರೆ ಅಲ್ಲಿ ಹಳೆಯ ಬೂಟಿನ ಡಬ್ಬಿಗಳಿದ್ದವು. ಅವತ್ತು ಮಧ್ಯಾಹ್ನದ ನಗುವನ್ನು ಜೋಪಾನವಾಗಿ ಹಿಡಿದುಕೊಂಡು ಬಂದು, ಅದರ ಮರುದಿನ ರಾತ್ರಿಯ ಊಟಕ್ಕೆ ಮೂವರೂ ಕೂತಾಗ ಅವಳು ಬಡಿಸಿದಳು. ಕೇಳಿ ಇಲ್ಲಿ, ನಮ್ಮ ಸ್ಟಾಫ್ ರೂಮಲ್ಲಿ ಏನಾಯ್ತು ಗೊತ್ತಾ. ಪ್ರಶ್ನೆ ಕೇಳುವ ಮಗುವಿನ ಧ್ವನಿಯನ್ನು ಮೂಗಿನಿಂದ ಮಾಡಿದಳು. ಎದ್ದು ನಿಂತು, ಎದೆಯುಬ್ಬಿಸಿ, ಎರಡು ಬೆರಳು ಬಾಯಿಗಿಟ್ಟು ವಿಸಿಲ್ ಊದಿದಳು. ಯಾರು ಹೇಳಿದ್ದು ಗೊತ್ತಾ, ನಾನೇ ಹೇಳಿದ್ದು! ಗಂಡನಿಗೆ ನೀರು ನೆತ್ತಿಗೆ ಹತ್ತಿತು. ಎಲ್ಲರಿಗಿಂತ ಹೆಚ್ಚು ನಕ್ಕವಳು ಮಗಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದು, ಇನ್ನೊಂದ್ಸಲ ಮಾಡಮ್ಮಾ, ಇನ್ನೊಂದ್ಸಲ ಎಂದಿದ್ದಳು. ಅವಳು ಮಾಡಿದ್ದಳು. ಅವತ್ತು ಬೆಳಿಗ್ಗೆಯಷ್ಟೇ ಇಡೀ ಕ್ಲಾಸು ಆ ಹುಡುಗಿಯ ಕಡೆ ತಿರುಗಿ ಬಿದ್ದು ಬಿದ್ದು ನಕ್ಕಿತ್ತು.

ಉಳಿದ ಪಿರಿಯಡ್ಡುಗಳಲ್ಲಿ ಏನು ಪಾಠ ಮಾಡಿದಳೋ. ಕರಿಹಲಗೆಯ ಮೇಲೆ ತನ್ನದೇ ಅಕ್ಷರ ಕಂಡಾಗ ಇದನ್ನು ಯಾರು ಬರೆದರು ಎನ್ನಿಸುತ್ತಿತ್ತು. ಕಾರಿಡಾರಿನಲ್ಲಿ ಮಗಳು ಗೆಳತಿಯರ ಜೊತೆ ಎದುರಾದಳು, "ನಮಸ್ತೆ ಮೇಡಂ" ಎಂದು ಎಲ್ಲರ ಜೊತೆ ಸೇರಿ ಹೇಳಿ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಅವಳೂ ತಲೆಯಾಡಿಸಿ ಮುಂದೆ ಹೋದಳು. ಮೂಲೆ ತಿರುಗಿದ ಮೇಲೆ ಗೋಡೆಗೆ ಒರಗಿ ನಿಂತು, ಪ್ರಯೋಗಾಲಯದ ಬೀಗದ ಕೈಯನ್ನು ಅಂಗೈಯಲ್ಲಿ ಒತ್ತಿ ಒತ್ತಿ ಹಿಡಿದಳು. ಮಗಳಿಗೆ ಎದೆಬಡಿತದ ವಿಷಯ ಹೇಗೆ ಗೊತ್ತಾಯಿತು? ಯಾರೂ ಹೇಳಿರಲಿಲ್ಲ. ಅಕ್ಕನಿಗೆ ಫೋನು ಮಾಡಿದ್ದು ಥಟ್ಟನೆ ನೆನಪಾಯಿತು. ಮಲಗುವ ಕೋಣೆಯ ಬಾಗಿಲು ಹಾಕಿಕೊಂಡು, ದಿಂಬಿನಲ್ಲಿ ಮುಖವಿಟ್ಟು, ಎದೆಬಡಿತ ಇಲ್ಲ ಅಂದ್ರು ಅಕ್ಕಾ, ಎದೆಬಡಿತಾನೇ ಇಲ್ಲ ಅಂದ್ರು. ಗೋಡೆಯ ಆಚೆ ಮಗಳ ಕೋಣೆ. ಅಲ್ಲಿ ಕೂತು ಆ ಹುಡುಗಿ ಕೇಳಿಸಿಕೊಂಡಿದೆ. ಮನೆಯಲ್ಲಿ ಕೇಳಬಾರದು ಎಂದು ತಾನೇ ತಿಳಿದುಕೊಂಡಿದೆ. ಹೃದಯದ ಪಾಠ ಬರುವ ತನಕ ಕಾದಿದೆ. ಪಾಠದ ಪ್ರಶ್ನೆಯ ಹಾಗೆ ಕಾಣುವಂತೆ, ಯಾರಿಗೂ ಗುಟ್ಟು ಗೊತ್ತಾಗದಂತೆ, ಅಮ್ಮನ ಮರ್ಯಾದೆ ಹೋಗದಂತೆ ಅದನ್ನು ತಿದ್ದಿ ತೀಡಿ, ಕೈ ಎತ್ತಿ ಕೇಳಿದೆ. ಆ ಪ್ರಶ್ನೆ ಸುತ್ತಿ ಬಳಸಿ ಸರಿಯಾಗಿ ಅಮ್ಮನ ಹತ್ತಿರವೇ ಬಂದಿತ್ತು. ಅಮ್ಮ ವಿಸಿಲ್ ಊದಿದ್ದಳು.

ಡಾಕ್ಟರಮ್ಮ ಕೂಡ ಕೇಳಿದ್ದರು, ಏನಾದ್ರೂ ಕೇಳೋದಿದೆಯಾ ಎಂದು. ಮೊದಲನೇ ಸಲ ಹೋದಾಗ, ಇನ್ನೂ ಬೇಗ ಆಯಿತು, ಈಗಲೇ ಏನೂ ಕಾಣಲ್ಲ, ಸ್ವಲ್ಪ ದಿನ ಬಿಟ್ಟು ಬನ್ನಿ ಅಂದಿದ್ದರು. ಎರಡನೇ ಸಲ ಹೋದಾಗ ಇಲ್ಲ ಅಂದರು. ಈ ಎರಡರ ನಡುವೆ ಏನಾಯಿತು? ಆಸ್ಪತ್ರೆಯ ಆ ಕುರ್ಚಿಯಲ್ಲಿ ಕೂತು, ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿ, ಇಲ್ಲ ಡಾಕ್ಟರ್, ಏನೂ ಇಲ್ಲ ಎಂದು ಎದ್ದು ಬಂದಿದ್ದಳು. ದಡ್ಡ ಪ್ರಶ್ನೆ ಅಂದುಕೊಂಡಾರು ಎಂದೇ? ವಿಜ್ಞಾನದ ಮೇಡಂ ಆಗಿ ಇಷ್ಟೂ ಗೊತ್ತಿಲ್ಲವೇ ಅಂದಾರು ಎಂದೇ?

ಸಂಜೆ ಮಹಡಿಯ ಮೇಲೆ ಒಣಗಿದ ಬಟ್ಟೆ ತೆಗೆಯಲು ಹೋದಾಗ ಮಗಳೂ ಹಿಂದೆಯೇ ಬಂದಳು. ಕರೆದಿರಲಿಲ್ಲ. ದೊಡ್ಡ ಹೊದಿಕೆಗಳನ್ನು ಮಡಚಲು ಇಬ್ಬರು ಬೇಕು; ಅದು ಇಬ್ಬರಿಗೂ ಗೊತ್ತು. ಎರಡು ತುದಿಗಳನ್ನು ಅವಳು, ಎರಡು ತುದಿಗಳನ್ನು ಮಗಳು ಹಿಡಿದು, ಹಿಂದಕ್ಕೆ ನಡೆದು, ಬಿಗಿಯಾಗಿ ಎಳೆದು ಕೊಡವಿದರು. ಬಟ್ಟೆಯಲ್ಲಿ ಬಿಸಿಲಿನ ಕಾವು ಇನ್ನೂ ಇತ್ತು. ದಾರಿಯುದ್ದಕ್ಕೂ ಪಾಠದ ಹಾಗೆ ಜೋಡಿಸಿಕೊಂಡು ಬಂದದ್ದೆಲ್ಲ ಈಗ ಬಾಯಿಗೆ ಬರಲೊಲ್ಲದು. ಮಡಚಲು ಹತ್ತಿರ ಬಂದಾಗ ಮಗಳ ಬೆರಳು ತನ್ನ ಬೆರಳಿಗೆ ತಾಗಿತು.

"ಭಾಷಾ ಮೇಡಂ ಫೋನ್ ಮಾಡಿದ್ರು ಬೆಳಿಗ್ಗೆ."

"ಗೊತ್ತು."

"ಹೇಗೆ?"

"ರಾಂಗ್ ನಂಬರಿಗೆ ಯಾರಾದ್ರೂ ಮೇಡಂ ಮೇಡಂ ಅಂತಾರಾ?" ಮಗಳು ತುದಿಗಳನ್ನು ಅಮ್ಮನ ಕೈಗೆ ಕೊಟ್ಟು, ಕೆಳಗೆ ಜೋತುಬಿದ್ದ ಮಡಿಕೆಯನ್ನು ಎತ್ತಿಕೊಂಡಳು. "ಬೈತೀಯಾ?"

"ಇಲ್ಲ. ಬೀಕರ್ ಸರ್ ಹೇಳಿದ್ರು. ಆ ಪ್ರಶ್ನೆ ನಿಂದು ಅಂತ."

ಮಗಳು ಇನ್ನೊಂದು ಹೊದಿಕೆಯನ್ನು ತಂತಿಯಿಂದ ಎಳೆದಳು. ಕ್ಲಿಪ್ಪು ತೆಗೆಯಲು ಮರೆತಿದ್ದಳು. ಅದು ಎಗರಿ ಎಲ್ಲೋ ಬಿತ್ತು.

"ನಂಗೆ ಗೊತ್ತಿರಲಿಲ್ಲ ಪುಟ್ಟಾ. ಆಣೆ ಮಾಡಿ ಹೇಳ್ತೀನಿ, ನಂಗೆ ಗೊತ್ತಿರಲಿಲ್ಲ."

"ಬಿಡಮ್ಮಾ. ಜೋಕು ಚೆನ್ನಾಗೇ ಇತ್ತು."

"ನೀನು ಅಷ್ಟು ನಕ್ಕೆಯಲ್ಲ ಅವತ್ತು. ಇನ್ನೊಂದ್ಸಲ ಮಾಡು ಅಂತ ಬೇರೆ ಅಂದೆ."

"ನೀನು ನಗ್ತಿದ್ದೆಯಲ್ಲ." ಮಗಳು ಕ್ಲಿಪ್ಪನ್ನು ಹುಡುಕುವ ನೆಪದಲ್ಲಿ ಬಗ್ಗಿದಳು. "ಎಷ್ಟು ದಿನ ಆಗಿತ್ತು ನೀನು ನಕ್ಕು. ನಾನು ನಗದೇ ಇದ್ದಿದ್ರೆ ನೀನು ನಿಲ್ಲಿಸಿಬಿಡ್ತಿದ್ದೆ."

ಅವಳು ಹೊದಿಕೆಯ ಒಂದು ಬದಿಯನ್ನು ಹಿಡಿದುಕೊಂಡು ನಿಂತಿದ್ದಳು. ಇನ್ನೊಂದು ಬದಿ ನೆಲದ ಮೇಲೆ ಬಿದ್ದಿತ್ತು. ಒಗೆದ ಬಟ್ಟೆಗೆ ಮಣ್ಣಾಗುತ್ತಿದೆ ಎಂದು ಕಂಡರೂ ಎತ್ತಲು ಆಗಲಿಲ್ಲ. ತನ್ನ ಹೊಟ್ಟೆಯಲ್ಲಿ ಹುಟ್ಟಿದ್ದು ತನ್ನನ್ನು ಹೀಗೆ ಎತ್ತಿಕೊಂಡು ಓಡಾಡುತ್ತಿದೆ, ಇಷ್ಟು ತಿಂಗಳಿಂದ, ಸದ್ದಿಲ್ಲದೆ. ತಾನು ಮಾತ್ರ ಈ ಮನೆಯನ್ನು ತಾನೇ ಹೊತ್ತಿದ್ದೇನೆ ಅಂದುಕೊಂಡು ಬೆನ್ನು ನೋವು ಅನ್ನುತ್ತಿದ್ದಳು. ಏನಾದರೂ ಕೊಡಬೇಕು ಇವಳಿಗೆ, ಈಗಲೇ, ತನಗೆ ಗೊತ್ತಿರುವುದು ಯಾವುದೋ ಅದನ್ನೇ.

"ಯಾರೂ ಹೇಳಲ್ಲ," ಎಂದಳು. "ನಿನ್ನ ಪ್ರಶ್ನೆ. ಯಾರೂ ಹೇಳಲ್ಲ ಅದಕ್ಕೆ. ಮಿದುಳೂ ಹೇಳಲ್ಲ, ಅಮ್ಮನೂ ಹೇಳಲ್ಲ. ಹೃದಯ ಆಗೋ ಜೀವಕೋಶಗಳಿರ್ತಾವಲ್ಲ, ಅವು ತಮ್ಮಷ್ಟಕ್ಕೆ ತಾವೇ ಬಡಿಯೋಕೆ ಶುರು ಮಾಡ್ತಾವೆ. ಪೂರ್ತಿ ಹೃದಯ ಆಗೋಕೂ ಮುಂಚೇನೇ. ಒಂದನ್ನ ಬೇರೆ ತೆಗೆದು ಗಾಜಿನ ತಟ್ಟೇಲಿಟ್ರೂ ಅದೊಂದೇ ಬಡೀತಾ ಇರುತ್ತೆ. ಪಕ್ಕದಲ್ಲಿ ಇನ್ನೊಂದು ಇಟ್ರೆ ಅದು ತನ್ನ ಪಾಡಿಗೆ ಬೇರೆ ತಾಳದಲ್ಲಿ. ಎರಡೂ ಒಂದಕ್ಕೊಂದು ತಾಗಿದ ಮೇಲೆ ಒಟ್ಟಿಗೇ ಬಡಿಯೋಕೆ ಶುರು ಮಾಡ್ತಾವೆ. ನಮ್ಮ ಪುಸ್ತಕದಲ್ಲಿ ಇದಿಲ್ಲ. ಬೀಕರ್ ಸರ್‌ಗೆ ಗೊತ್ತಿತ್ತೋ ಇಲ್ವೋ. ನಂಗೆ ಗೊತ್ತಿತ್ತು. ನಾನು ಹೇಳಬಹುದಿತ್ತು."

ತನ್ನ ಧ್ವನಿ ಕ್ಲಾಸಿನ ಧ್ವನಿಯಾಗಿದೆ ಎಂದು ಅವಳಿಗೇ ಕೇಳಿಸಿತು. ಕೈಗಳು ಕರಿಹಲಗೆಯ ಮುಂದಿದ್ದಂತೆ ಗಾಳಿಯಲ್ಲಿ ಎರಡು ಸೊನ್ನೆ ಬರೆದು, ಅವನ್ನು ತಾಗಿಸಿ ನಿಂತಿದ್ದವು. ಮಗಳು ನೆಲದ ಮೇಲಿನ ಹೊದಿಕೆಯ ತುದಿಗಳನ್ನು ಎತ್ತಿ ಹಿಡಿದಿದ್ದಳು, ಆದರೆ ಹಿಂದಕ್ಕೆ ನಡೆಯಲಿಲ್ಲ, ಎಳೆಯಲಿಲ್ಲ. ಒಳ್ಳೆಯ ವಿದ್ಯಾರ್ಥಿಯ ಹಾಗೆ ಪೂರ್ತಿ ಕೇಳಿಸಿಕೊಂಡಳು. ಉತ್ತರ ಸರಿಯಾಗಿದೆ ಎಂಬಂತೆ ಒಮ್ಮೆ ತಲೆಯಾಡಿಸಿದಳು ಕೂಡ. ಕೆಳಗಿನ ರಸ್ತೆಯಲ್ಲಿ ಯಾರೋ ಸ್ಕೂಟರು ಸ್ಟಾರ್ಟ್ ಮಾಡಲು ಒದ್ದೂ ಒದ್ದೂ ಸೋತು ಬಿಟ್ಟರು. ಇಬ್ಬರ ನಡುವೆ ಹೊದಿಕೆ ಜೋಲಿಯ ಹಾಗೆ ಜೋತುಬಿದ್ದಿತ್ತು. ಮಗಳು ಅದರ ಅಂಚನ್ನು ಹೆಬ್ಬೆರಳಿನಿಂದ ಉಜ್ಜುತ್ತ, ಅಮ್ಮನನ್ನು ನೋಡದೆ ಬಟ್ಟೆಯನ್ನೇ ನೋಡಿಕೊಂಡು ಹೇಳಿದಳು:

"ಅಮ್ಮಾ, ನಮ್ಮ ಪಾಪುದು... ಒಂದ್ಸಲನಾದ್ರೂ ಬಡಿದಿತ್ತಾ?"